ಯಾರನ್ನು ಕೇಳಬೇಕು, ಹೇಗೆ ಕೇಳಬೇಕು? ಕಂಪ್ಯೂಟರ್ ಇತಿಹಾಸದ ಒಂದು ಅಧ್ಯಾಯ

ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂದೇ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ತಿಳಿದಿದ್ದಾರೆ. ಆದರೆ ಪ್ರತಿಯೊಂದು ಕಸುಬಿಗೂ ಅದರದೇ ಆದ ಇತಿಹಾಸವಿದೆ. ಕಂಪ್ಯೂಟರಿನ ಇತಿಹಾಸ ಹೇಳುವಾಗ ಸಾಮಾನ್ಯವಾಗಿ ಯಂತ್ರದ ಕಥೆಯನ್ನು ಹೇಳುತ್ತಾರೆ. ಕೋಣೆ ತುಂಬುವಷ್ಟು ದೊಡ್ಡದಿದ್ದ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಕಥೆ ಅದು. ಅದರ ಪಕ್ಕದಲ್ಲೇ ಇನ್ನೊಂದು ಕಥೆಯಿದೆ. ಒಂದು ಕೆಲಸಕ್ಕೆ ಯಂತ್ರವನ್ನು ಹಚ್ಚುವ ಮೊದಲು, ಆ ಕೆಲಸವನ್ನು ಅದುವರೆಗೆ ಮಾಡುತ್ತಾ ಬಂದವರಿಂದ ಅದನ್ನು ತಿಳಿದುಕೊಳ್ಳುವ ಕಥೆ. ಇದನ್ನೇ ಸಿಸ್ಟಮ್ ಅನಾಲಿಸಿಸ್, ಅಂದರೆ ವ್ಯವಸ್ಥಾ ವಿಶ್ಲೇಷಣೆ ಎನ್ನುತ್ತಾರೆ.

ಬಿ.ಸಿ.ಎ., ಎಂ.ಸಿ.ಎ. ಓದುವವರಿಗೆ ಇದು ಪರೀಕ್ಷೆಯ ವಿಷಯ. 'ಬಳಕೆದಾರರಿಂದ ಮಾಹಿತಿ ಸಂಗ್ರಹಿಸುವ ವಿಧಾನಗಳು ಯಾವುವು?' ಎಂದು ಪ್ರಶ್ನೆ ಬರುತ್ತದೆ. ಸಂದರ್ಶನ, ಪ್ರಶ್ನಾವಳಿ, ಅವಲೋಕನ, ದಾಖಲೆಗಳ ಪರಿಶೀಲನೆ, ಮಾದರಿ ತಯಾರಿಕೆ ಎಂದು ಐದು ಹೆಸರು ಬರೆದರೆ ಅಂಕ ಸಿಗುತ್ತದೆ. ಆದರೆ ಯಾವ ಸಂದರ್ಭಕ್ಕೆ ಯಾವುದನ್ನು ಆರಿಸಬೇಕು, ತಪ್ಪಾಗಿ ಆರಿಸಿದರೆ ಏನಾಗುತ್ತದೆ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ನಡೆದ ಘಟನೆಗಳಿಂದ ತಿಳಿಯುತ್ತದೆ. ಲಂಡನ್ ನಗರ ಒಂದರಲ್ಲೇ ನಡೆದ ಮೂರು ಘಟನೆಗಳನ್ನು ಇಲ್ಲಿ ನೋಡೋಣ.

ಚಹಾ ಅಂಗಡಿಯವರ ಕಂಪ್ಯೂಟರ್

ಕಚೇರಿ ಕೆಲಸಕ್ಕೆ ಕಂಪ್ಯೂಟರನ್ನು ಮೊದಲು ಬಳಸಿದವರು ಯಾರು ಎಂದು ಕೇಳಿದರೆ ಸರ್ಕಾರವೋ ಬ್ಯಾಂಕೋ ಇರಬೇಕು ಎಂದು ಊಹಿಸುತ್ತೇವೆ. ನಿಜವಾಗಿ ಅದು ಚಹಾ, ಕೇಕು, ಬ್ರೆಡ್ ಮಾರುವ ಕಂಪನಿ. 'ಜೆ. ಲಯನ್ಸ್ ಅಂಡ್ ಕಂಪನಿ' ತನ್ನ ಮೊದಲ ಚಹಾ ಅಂಗಡಿಯನ್ನು 1894ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ತೆರೆಯಿತು. ಮುಂದೆ ಅದರ ಅಂಗಡಿಗಳ ಸಂಖ್ಯೆ ಇನ್ನೂರನ್ನು ಮೀರಿತು. ಒಂದೊಂದು ಬಿಲ್ಲೂ ಕೆಲವೇ ಪೆನ್ನಿಗಳದು, ಬಿಲ್ಲುಗಳ ಸಂಖ್ಯೆ ಮಾತ್ರ ಲಕ್ಷಗಟ್ಟಲೆ. ಲೆಕ್ಕ ಬರೆಯುವ ಖರ್ಚೇ ಲಾಭವನ್ನು ತಿಂದುಹಾಕುವ ಪರಿಸ್ಥಿತಿ.

ಈ ಕಾರಣದಿಂದ ಕಂಪನಿ 1923ರಲ್ಲಿ ಕೇಂಬ್ರಿಡ್ಜಿನ ಗಣಿತ ಪದವೀಧರ ಜಾನ್ ಸಿಮನ್ಸ್ ಅವರನ್ನು ನೇಮಿಸಿಕೊಂಡಿತು. 1930ರ ದಶಕದಲ್ಲಿ ಅಲ್ಲಿ 'ಸಿಸ್ಟಮ್ಸ್ ರಿಸರ್ಚ್ ಆಫೀಸ್' ಎಂಬ ವಿಭಾಗ ಆರಂಭವಾಯಿತು. ಯಾವ ಗುಮಾಸ್ತ ಏನು ಬರೆಯುತ್ತಾನೆ, ಏಕೆ ಬರೆಯುತ್ತಾನೆ, ಅದನ್ನು ಮುಂದೆ ಯಾರು ಓದುತ್ತಾರೆ ಎಂದು ಕಚೇರಿಯ ಕೆಲಸವನ್ನು ಹೋಗಿ ನೋಡಿ ಸುಧಾರಿಸುವುದು ಅದರ ಕರ್ತವ್ಯ. ಕಂಪ್ಯೂಟರ್ ಇನ್ನೂ ಹುಟ್ಟಿರದ ಕಾಲವದು ಎಂಬುದನ್ನು ಓದುಗರು ಗಮನಿಸಬೇಕು.

1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಅಮೆರಿಕಕ್ಕೆ ಹೋಗಿ ಹೊಸ ಎಲೆಕ್ಟ್ರಾನಿಕ್ ಯಂತ್ರಗಳ ವಿಚಾರ ತಿಳಿದು ಬಂದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ತಯಾರಾಗುತ್ತಿದ್ದ 'ಎಡ್ಸ್ಯಾಕ್' ಯಂತ್ರಕ್ಕೆ ಕಂಪನಿ 3,000 ಪೌಂಡ್ ನೆರವು ನೀಡಿತು. ಅದರ ಮಾದರಿಯಲ್ಲೇ ತನ್ನದೇ ಆದ 'ಲಿಯೋ' ಎಂಬ ಯಂತ್ರವನ್ನು ಕಟ್ಟಿತು. 1951ರ ನವೆಂಬರಿನಲ್ಲಿ ಲಿಯೋ ಬೇಕರಿ ಉತ್ಪನ್ನಗಳ ಲೆಕ್ಕ ಮಾಡಲು ಪ್ರಾರಂಭಿಸಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು 1954ರ ಇನ್ನೊಂದು ಕೆಲಸ. ಪ್ರತಿ ಅಂಗಡಿಯ ಮೇಲ್ವಿಚಾರಕಿಯು ನಾಳೆಗೆ ಎಷ್ಟು ಬ್ರೆಡ್, ಎಷ್ಟು ಕೇಕು ಬೇಕೆಂದು ದಿನವೂ ಉದ್ದನೆಯ ಪಟ್ಟಿ ಬರೆಯಬೇಕಾಗಿತ್ತು. ಹೆಚ್ಚಿನ ದಿನಗಳಲ್ಲಿ ಈ ಬೇಡಿಕೆ ಹೆಚ್ಚು ಕಡಿಮೆ ಒಂದೇ, ಬದಲಾಗುವುದು ಕೆಲವು ಬಾಬ್ತು ಮಾತ್ರ. ಇದನ್ನು ಗಮನಿಸಿ, ಪ್ರತಿ ಅಂಗಡಿಗೂ ವಾರದ ಪ್ರತಿ ದಿನಕ್ಕೂ ಒಂದು ಖಾಯಂ ಪಟ್ಟಿ ಮಾಡಿದರು. ನಿಗದಿತ ಸಮಯಕ್ಕೆ ಬದಲಾವಣೆಯನ್ನಷ್ಟೇ ಮೇಲ್ವಿಚಾರಕಿ ಟೆಲಿಫೋನಿನಲ್ಲಿ ತಿಳಿಸಬೇಕು. ಕೇಂದ್ರ ಕಚೇರಿಯ ಸಿಬ್ಬಂದಿ ಕೇಳುತ್ತಲೇ ಕಾರ್ಡಿಗೆ ರಂಧ್ರ ಹಾಕುತ್ತಿದ್ದರು. ಉಳಿದ ಲೆಕ್ಕವೆಲ್ಲ ಯಂತ್ರದ್ದು. 'ನಿಮಗೆ ಕಂಪ್ಯೂಟರಿನಿಂದ ಏನು ಬೇಕು?' ಎಂದು ಆ ಮೇಲ್ವಿಚಾರಕಿಗೆ ಪ್ರಶ್ನಾವಳಿ ಕಳುಹಿಸಿದ್ದರೆ ಆಕೆ ಏನು ತಾನೇ ಬರೆಯುತ್ತಿದ್ದಳು? ಕಂಪ್ಯೂಟರನ್ನು ಆಕೆ ಕಂಡಿರಲೇ ಇಲ್ಲ. ಆಕೆಯ ಕೆಲಸವನ್ನು ನೋಡಿ ತಿಳಿದಿದ್ದರಿಂದ ಉತ್ತರ ಸಿಕ್ಕಿತು.

1992ರ ಅಕ್ಟೋಬರ್ 26

ನಮ್ಮ ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಇರುವಂತೆ ಲಂಡನ್ನಿನಲ್ಲಿ 1937ರಿಂದಲೂ ತುರ್ತು ಸೇವೆಗೆ 999 ಸಂಖ್ಯೆಯಿದೆ. 1992ರಲ್ಲಿ ಲಂಡನ್ ಆಂಬುಲೆನ್ಸ್ ಸೇವೆಯ ವ್ಯಾಪ್ತಿ ಸುಮಾರು 600 ಚದರ ಮೈಲಿ, ಅಲ್ಲಿನ ಜನಸಂಖ್ಯೆ ಸುಮಾರು 68 ಲಕ್ಷ. ದಿನಕ್ಕೆ 2,000ದಿಂದ 2,500 ಕರೆಗಳು ಬರುತ್ತಿದ್ದವು.

ಅಲ್ಲಿಯವರೆಗೆ ಎಲ್ಲವೂ ಕಾಗದದ ಮೇಲೆ ನಡೆಯುತ್ತಿತ್ತು. ಕರೆ ಸ್ವೀಕರಿಸಿದವರು ವಿವರವನ್ನು ಒಂದು ನಮೂನೆಯಲ್ಲಿ ಬರೆದು, ನಕ್ಷೆಯ ಪುಸ್ತಕದಲ್ಲಿ ಸ್ಥಳ ಹುಡುಕಿ, ಚಲಿಸುವ ಪಟ್ಟಿಯ ಮೇಲೆ ಇಡುತ್ತಿದ್ದರು. ಇನ್ನೊಬ್ಬರು ಅವುಗಳನ್ನು ನೋಡಿ, ಒಂದೇ ಅಪಘಾತದ ಬಗ್ಗೆ ಹಲವರು ಕರೆ ಮಾಡಿದ್ದರೆ ಅದನ್ನು ಗುರುತಿಸಿ, ಆಯಾ ವಿಭಾಗದವರಿಗೆ ಕೊಡುತ್ತಿದ್ದರು. ಅವರು ಯಾವ ವಾಹನ ಎಲ್ಲಿದೆ ಎಂದು ನೋಡಿ ಕಳುಹಿಸುತ್ತಿದ್ದರು. ಇದು ನಿಧಾನ ಎಂಬುದು ನಿಜವೇ. ಬದಲಾವಣೆ ಬೇಕಾಗಿತ್ತು.

ಆದರೆ ಆಡಳಿತ ಮತ್ತು ಸಿಬ್ಬಂದಿಯ ನಡುವೆ ವಿಶ್ವಾಸವಿರಲಿಲ್ಲ. 1989-90ರಲ್ಲಿ ಬ್ರಿಟನ್ನಿನ ಆಂಬುಲೆನ್ಸ್ ನೌಕರರ ವೇತನ ವಿವಾದ ದೀರ್ಘಕಾಲ ನಡೆದಿತ್ತು. 75 ಲಕ್ಷ ಪೌಂಡ್ ಖರ್ಚಾದ ಮೇಲೆ ಹಿಂದಿನ ಕಂಪ್ಯೂಟರ್ ಯೋಜನೆಯೊಂದನ್ನು 1990ರಲ್ಲಿ ಕೈಬಿಡಲಾಗಿತ್ತು. ಈ ಹಿನ್ನೆಲೆಯಲ್ಲಿ ಹೊಸ ವ್ಯವಸ್ಥೆಯನ್ನು ಅಗ್ಗವಾಗಿಯೂ ಬೇಗನೆಯೂ ಮುಗಿಸುವ ಆತುರ ಆಡಳಿತಕ್ಕಿತ್ತು. ಏನೇನು ಬೇಕು ಎಂಬ ವಿವರ ಬರೆಯುವಾಗ ವಾಹನ ಓಡಿಸುವ ಸಿಬ್ಬಂದಿಯ ಪಾತ್ರ ತೀರಾ ಕಡಿಮೆಯಿತ್ತು. ವಾಹನ ಎಲ್ಲಿದೆ, ಖಾಲಿಯಿದೆಯೇ ಎಂಬ ಮಾಹಿತಿ ಸದಾ ಸರಿಯಾಗಿ ಬರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು.

ಅಕ್ಟೋಬರ್ 26ರಂದು ಅದು ಕೆಲಸ ಆರಂಭಿಸಿದಾಗ ಆ ನಂಬಿಕೆ ಕುಸಿಯಿತು. ಕೆಲವು ಜಾಗಗಳಲ್ಲಿ ರೇಡಿಯೋ ಸಂಪರ್ಕ ಸಿಗುತ್ತಿರಲಿಲ್ಲ. ಗಡಿಬಿಡಿಯಲ್ಲಿ ಸಿಬ್ಬಂದಿ ತಪ್ಪು ಬಟನ್ ಒತ್ತುತ್ತಿದ್ದರು, ಕೆಲವೊಮ್ಮೆ ಒತ್ತುತ್ತಲೇ ಇರಲಿಲ್ಲ. ಗೊತ್ತುಮಾಡಿದ ವಾಹನ ಬಿಟ್ಟು ಬೇರೆ ವಾಹನದಲ್ಲಿ ಹೋಗುವುದೂ ಇತ್ತು. ಪರಿಣಾಮವಾಗಿ ಒಂದೇ ಸ್ಥಳಕ್ಕೆ ಎರಡೆರಡು ಆಂಬುಲೆನ್ಸ್ ಹೋದವು, ಇನ್ನೊಂದು ಕಡೆ ರೋಗಿಗಳು ಕಾಯುತ್ತಾ ಉಳಿದರು. ಎಚ್ಚರಿಕೆಯ ಸಂದೇಶಗಳು ರಾಶಿ ಬಿದ್ದು ಪರದೆಯಿಂದ ಮೇಲೆ ಸರಿದು ಕಣ್ಮರೆಯಾದವು. ಕಾದು ಬೇಸತ್ತವರು ಮತ್ತೆ ಮತ್ತೆ ಕರೆ ಮಾಡಿದರು, ಕರೆಗಳು ಇನ್ನಷ್ಟು ಹೆಚ್ಚಿದವು. ಮರುದಿನ ಮಧ್ಯಾಹ್ನ ಅರ್ಧ ಹಳೆಯ ಪದ್ಧತಿಗೆ ಮರಳಬೇಕಾಯಿತು. ನವೆಂಬರ್ 4ರ ಮುಂಜಾನೆ ವ್ಯವಸ್ಥೆ ಪೂರ್ತಿಯಾಗಿ ನಿಂತೇಹೋಯಿತು. ಸೇವೆಯ ಮುಖ್ಯಾಧಿಕಾರಿ ಅಕ್ಟೋಬರ್ ತಿಂಗಳಲ್ಲೇ ರಾಜೀನಾಮೆ ನೀಡಿದ್ದರು. 1993ರ ಫೆಬ್ರವರಿಯಲ್ಲಿ ತನಿಖಾ ವರದಿ ಪ್ರಕಟವಾಯಿತು.

ಪರೀಕ್ಷೆಯ ಐದು ಹೆಸರುಗಳು

ಈಗ ಆ ಐದು ವಿಧಾನಗಳನ್ನು ಈ ಘಟನೆಗೆ ಹಚ್ಚಿ ನೋಡೋಣ.

1. ದಾಖಲೆಗಳ ಪರಿಶೀಲನೆ: ಹಳೆಯ ಕಾಗದದ ನಮೂನೆಯನ್ನು ಓದಿದರೆ ಯಾವ ಯಾವ ವಿವರ ಬೇಕೆಂದು ತಿಳಿಯುತ್ತದೆ. ಒಂದೇ ಅಪಘಾತದ ನಾಲ್ಕು ಕರೆಗಳನ್ನು ಮನುಷ್ಯ ಹೇಗೆ ಗುರುತಿಸುತ್ತಾನೆ ಎಂಬುದು ಅದರಲ್ಲಿ ಬರೆದಿರುವುದಿಲ್ಲ.

2. ಪ್ರಶ್ನಾವಳಿ: 'ಸ್ಥಳ ತಲುಪಿದ ಕೂಡಲೇ ಬಟನ್ ಒತ್ತುತ್ತೀರಾ?' ಎಂದು ಕೇಳಿದರೆ ಎಲ್ಲರೂ 'ಹೌದು' ಎಂದೇ ಬರೆಯುತ್ತಾರೆ. ಅದು ನಿಯಮದ ಉತ್ತರ, ನಡತೆಯ ಉತ್ತರವಲ್ಲ. ಆದರೆ 'ಯಾವ ರಸ್ತೆಗಳಲ್ಲಿ ರೇಡಿಯೋ ಕೇಳಿಸುವುದಿಲ್ಲ?' ಎಂಬ ಒಂದು ಪುಟದ ಪ್ರಶ್ನೆಯನ್ನು ಎಲ್ಲ ಆಂಬುಲೆನ್ಸ್ ಕೇಂದ್ರಗಳಿಗೂ ಹಂಚಿದರೆ ನಗರದ ನಕ್ಷೆಯೇ ತಯಾರಾಗುತ್ತದೆ. ಹರಡಿಕೊಂಡಿರುವ ಬಹಳ ಮಂದಿಗೆ ಗೊತ್ತಿರುವ ಚಿಕ್ಕ ಚಿಕ್ಕ ಸಂಗತಿಗಳಿಗೆ ಇದೇ ಯೋಗ್ಯ ವಿಧಾನ.

3. ಅವಲೋಕನ: ಬೇರೆ ವಾಹನ ಒಯ್ಯುವ ರೂಢಿ, ಅಕ್ಕಪಕ್ಕ ಕುಳಿತವರು ಮಾತಿನಲ್ಲೇ ತಪ್ಪು ತಿದ್ದಿಕೊಳ್ಳುವ ಬಗೆ, ಇವನ್ನು ಜೊತೆಯಲ್ಲಿ ಕುಳಿತು ನೋಡಿಯೇ ತಿಳಿಯಬೇಕು. ಮಾಡುವವರಿಗೆ ಅದು ಎಷ್ಟು ಸಹಜವೆಂದರೆ ಹೇಳಬೇಕೆಂದು ತೋಚುವುದೇ ಇಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ. ಆತುರದಲ್ಲಿರುವವರು ಮೊದಲು ಕೈಬಿಡುವುದೂ ಇದನ್ನೇ.

4. ಸಂದರ್ಶನ: 'ಏಕೆ ಬೇರೆ ವಾಹನ ಒಯ್ಯುತ್ತೀರಿ?' ಎಂಬ 'ಏಕೆ'ಗೆ ಉತ್ತರ ಸಂದರ್ಶನದಲ್ಲಿ ಸಿಗುತ್ತದೆ. ಆದರೆ ಮೇಲಧಿಕಾರಿ ಪಕ್ಕದಲ್ಲಿದ್ದರೆ ಸಿಗುವುದಿಲ್ಲ. ಭಯವಿರುವಲ್ಲಿ ಮನುಷ್ಯ ಇರುವುದನ್ನು ಬಿಟ್ಟು ಇರಬೇಕಾದ್ದನ್ನು ಹೇಳುತ್ತಾನೆ.

5. ಮಾದರಿ ತಯಾರಿಕೆ: ಪರದೆಯ ಮಾದರಿಯೊಂದನ್ನು ಮಾಡಿ, ನಿಯಂತ್ರಣ ಕೊಠಡಿಯವರ ಮುಂದಿಟ್ಟು, ಸುಳ್ಳು ಕರೆಗಳನ್ನು ಸಾಲಾಗಿ ಕೊಟ್ಟಿದ್ದರೆ ಸಂದೇಶಗಳು ಪರದೆಯಿಂದ ಜಾರಿಹೋಗುವುದು ಮೊದಲ ದಿನವೇ ಕಾಣುತ್ತಿತ್ತು.

ಉರ್ದು ಪಾಠ ಮಾಡುವಾಗ ಒಂದು ಪದ ಕುತೂಹಲ ಹುಟ್ಟಿಸುತ್ತದೆ. 'ನಮೂನಾ' ಎಂದರೆ ಅಲ್ಲಿ ಮಾದರಿ. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು 'ನಮೂನೆ'ಯಾಗಿ, ತುಂಬಿಸಬೇಕಾದ ಫಾರಂ ಎಂಬ ಅರ್ಥವನ್ನೂ ಪಡೆಯಿತು. ಬಳಕೆದಾರರಿಗೆ ನಮೂನೆ ತುಂಬಿಸಲು ಕೊಡುವುದು ಒಂದು, ನಮೂನೆ ಮಾಡಿ ತೋರಿಸುವುದು ಇನ್ನೊಂದು. ಈಗಾಗಲೇ ಗೊತ್ತಿರುವುದನ್ನು ಕೇಳಲು ಮೊದಲನೆಯದು ಸಾಕು. ಇನ್ನೂ ಇಲ್ಲದ ವಸ್ತುವಿನ ಬಗ್ಗೆ ಕೇಳಬೇಕಾದರೆ ಎರಡನೆಯದೇ ಬೇಕು.

ಮತ್ತೆ ಪ್ರಯತ್ನ

ಲಂಡನ್ ಆಂಬುಲೆನ್ಸ್ ಸೇವೆ ಸೋತು ಕೂರಲಿಲ್ಲ ಎಂಬುದು ಈ ಕಥೆಯ ಮುಖ್ಯ ಭಾಗ. ಈ ಬಾರಿ ಕೆಲಸವನ್ನು ಸಂಸ್ಥೆಯ ಒಳಗಿನವರೇ ಕೈಗೆತ್ತಿಕೊಂಡರು. ಮಾದರಿಗಳನ್ನು ಮಾಡಿ ಬಳಸುವವರಿಗೆ ತೋರಿಸಿ, ಅವರು ಹೇಳಿದಂತೆ ತಿದ್ದಿದರು. ಎಲ್ಲವನ್ನೂ ಒಂದೇ ದಿನ ಬದಲಿಸಲಿಲ್ಲ. 1996ರ ಜನವರಿಯಲ್ಲಿ ಮೊದಲು ಬಂದದ್ದು ಕರೆ ಸ್ವೀಕರಿಸುವ ಭಾಗ. ಯಾವ ವಾಹನ ಕಳುಹಿಸಬೇಕೆಂಬ ತೀರ್ಮಾನ ಮನುಷ್ಯರ ಕೈಯಲ್ಲೇ ಉಳಿಯಿತು. ಉಳಿದವು ಹಂತ ಹಂತವಾಗಿ ಸೇರಿದವು. 1997ರಲ್ಲಿ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಪ್ರಶಸ್ತಿ ಈ ವ್ಯವಸ್ಥೆಗೆ ದೊರೆಯಿತು. ನಗರ ಅದೇ, ಸೇವೆ ಅದೇ, ಅದರ ಕೆಲಸವೂ ಅದೇ. ಕೇಳುವ ಕ್ರಮ ಬದಲಾಗಿತ್ತು.

ನಮ್ಮ ಪಹಣಿ

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಒಳ್ಳೆಯ ಉದಾಹರಣೆ 'ಭೂಮಿ' ಯೋಜನೆ. ಸುಮಾರು 67 ಲಕ್ಷ ಜಮೀನುದಾರರ ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. 2000ದ ಆಸುಪಾಸಿನಲ್ಲಿ ಅವನ್ನು ಕಂಪ್ಯೂಟರಿಗೆ ತರಲಾಯಿತು. ಅಂದಿನ 177 ತಾಲ್ಲೂಕುಗಳ ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಇಲ್ಲಿ ಮುಖ್ಯ ವಿಧಾನ ದಾಖಲೆಗಳ ಪರಿಶೀಲನೆಯೇ, ಏಕೆಂದರೆ ಬೇಕಾದ ಮಾಹಿತಿ ಪುಸ್ತಕದಲ್ಲೇ ಇತ್ತು. ಆದರೂ ಅಷ್ಟಕ್ಕೇ ಬಿಡಲಿಲ್ಲ. ಕಂಪ್ಯೂಟರಿಗೆ ಹಾಕಿದ್ದನ್ನು ಮುದ್ರಿಸಿ ಗ್ರಾಮ ಲೆಕ್ಕಿಗರಿಗೇ ಕೊಟ್ಟು ತಾಳೆ ನೋಡಿಸಲಾಯಿತು. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ವ್ಯವಸ್ಥಾ ವಿಶ್ಲೇಷಕನಿಗೂ ಅನ್ವಯಿಸುತ್ತದೆ. ಒಂದು ವಿಧಾನದಿಂದ ತಿಳಿದದ್ದನ್ನು ಇನ್ನೊಂದರಿಂದ ಪರೀಕ್ಷಿಸದೆ ನಂಬಬಾರದು.

ವಿದ್ಯಾರ್ಥಿಗಳಿಗೆ ಒಂದು ಮಾತು

ವಿಧಾನವನ್ನು ಆರಿಸುವಾಗ ನಾಲ್ಕು ಪ್ರಶ್ನೆ ಹಾಕಿಕೊಳ್ಳಿರಿ. ಕೇಳಬೇಕಾದವರು ಎಷ್ಟು ಮಂದಿ? ಅವರಿಗೆ ಗೊತ್ತಿರುವುದು ಬಾಯಲ್ಲಿ ಹೇಳುವಂಥದ್ದೋ, ಕೈಯಲ್ಲಿ ಮಾಡಿ ತೋರಿಸುವಂಥದ್ದೋ? ನಿಜ ಹೇಳಿದರೆ ಅವರಿಗೆ ತೊಂದರೆಯಾಗುವ ಭಯವಿದೆಯೇ? ನಾವು ತಪ್ಪು ತಿಳಿದರೆ ಅದರ ಬೆಲೆ ತೆರುವವರು ಯಾರು? ಆಂಬುಲೆನ್ಸಿನ ವಿಚಾರದಲ್ಲಿ ಬೆಲೆ ತೆತ್ತವರು ಆ ಯೋಜನೆಯ ಯಾವ ಸಭೆಯಲ್ಲೂ ಇರಲಿಲ್ಲ. ಅವರು ಮನೆಯಲ್ಲಿ ಫೋನ್ ಹಿಡಿದು ಕಾಯುತ್ತಿದ್ದರು.

ಅಂತಿಮ ವರ್ಷದಲ್ಲಿ ಗ್ರಂಥಾಲಯದ ಸಾಫ್ಟ್‌ವೇರ್, ಆಸ್ಪತ್ರೆಯ ಸಾಫ್ಟ್‌ವೇರ್ ಎಂದು ಪ್ರಾಜೆಕ್ಟ್ ಮಾಡುವವರು ಹಿಂದಿನ ವರ್ಷದ ವರದಿಯನ್ನು ನೋಡಿ ಬರೆಯುವುದು ರೂಢಿಯಾಗಿದೆ. ಹಾಗೆ ಮಾಡುವ ಬದಲು ಗ್ರಂಥಪಾಲಕರ ಅನುಮತಿ ಪಡೆದು ಎರಡು ದಿನ ಅವರ ಮೇಜಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಪುಸ್ತಕ ಕಳೆದುಹೋದಾಗ ಏನು ಮಾಡುತ್ತಾರೆ, ಕಾರ್ಡ್ ತರದ ಹುಡುಗನಿಗೆ ಪುಸ್ತಕ ಕೊಡುತ್ತಾರೆಯೇ, ಅಂಚಿನಲ್ಲಿ ಪೆನ್ಸಿಲಿನಿಂದ ಏನು ಗುರುತು ಹಾಕಿಕೊಳ್ಳುತ್ತಾರೆ ಎಂದು ನೋಡಿ ಬರೆದುಕೊಳ್ಳಿರಿ. ಏಕೆಂದು ಆಮೇಲೆ ವಿನಯದಿಂದ ಕೇಳಿರಿ. ಒಂದು ಪರದೆ ತಯಾರಿಸಿ ಅವರ ಕೈಗೆ ಕೊಟ್ಟು ಏನು ಹೇಳುತ್ತಾರೋ ಕೇಳಿರಿ. ಮೊದಲ ಸಾಲು ಪ್ರೋಗ್ರಾಂ ಬರೆಯುವುದು ಅದಾದ ಮೇಲೆ.