ಘನೀಕರಿಸಿದ ಅವರೆಕಾಳು ಮತ್ತು ಬಟಾಣಿ: ಮನೆಯಲ್ಲಿ ಸಂಗ್ರಹಣೆ ಹಾಗೂ ಅಡುಗೆ ಕ್ರಮ

ಸೊಗಡಿನ ಅವರೆಯು ದಕ್ಷಿಣ ಕರ್ನಾಟಕದ ಮಾರುಕಟ್ಟೆಗಳಿಗೆ ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಒಮ್ಮೆಲೇ ಬರುತ್ತದೆ. ಆವಕ ಹೆಚ್ಚಿ ಬೆಲೆ ಕುಸಿದಾಗ ಕಾಯಿ ಬಿಡಿಸಿದ ಕೂಲಿಯೂ ಹುಟ್ಟದಂತಾಗುತ್ತದೆ. ಹಸಿ ಬಟಾಣಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಇಂತಹ ಸಮಯದಲ್ಲಿ ಮನೆಬಳಕೆಗೆ ಬೇಕಾದಷ್ಟು ಕಾಳನ್ನು ಘನೀಕರಿಸಿಟ್ಟುಕೊಂಡರೆ ಸುಗ್ಗಿ ಮುಗಿದ ಮೇಲೂ ಬಳಸಬಹುದು.

ಸಂಗ್ರಹಣೆಯ ಹಂತಗಳು

1. ಎಳೆಯದೂ ಅಲ್ಲದ, ಬಲಿತು ಗಟ್ಟಿಯಾಗಿರದ ಕಾಯಿಗಳನ್ನು ಕೊಯ್ದ ದಿನವೇ ಬಿಡಿಸಿ, ಹುಳುಕು ಕಾಳುಗಳನ್ನು ಬೇರ್ಪಡಿಸಿ ತೊಳೆಯಿರಿ.

2. ಅರ್ಧ ಕಿಲೋ ಕಾಳಿಗೆ ಸುಮಾರು 4 ಲೀಟರ್ ನೀರನ್ನು ಕುದಿಸಿ, ಬಟಾಣಿಯನ್ನು ಒಂದೂವರೆಯಿಂದ 2 ನಿಮಿಷ, ಅವರೆಕಾಳನ್ನು ಗಾತ್ರಕ್ಕೆ ತಕ್ಕಂತೆ 2ರಿಂದ 4 ನಿಮಿಷ ಅದ್ದಿಡಿ. ನೀರು ಮತ್ತೆ ಕುದಿಯಲಾರಂಭಿಸಿದ ನಂತರ ಸಮಯವನ್ನು ಎಣಿಸಬೇಕು.

3. ಕೂಡಲೇ ತೆಗೆದು, ಅಷ್ಟೇ ಹೊತ್ತು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ತಣಿಸಿ, ನೀರನ್ನು ಪೂರ್ಣವಾಗಿ ಬಸಿಯಿರಿ.

4. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಘನೀಕರಿಸಿ. ಕಾಳು ಗಟ್ಟಿಯಾದ ಮೇಲೆ ಒಂದು ಹೊತ್ತಿನ ಅಡುಗೆಗೆ ಸಾಲುವಷ್ಟನ್ನು ಒಂದೊಂದು ಚೀಲಕ್ಕೆ ತುಂಬಿ, ಗಾಳಿ ಹೊರಹಾಕಿ, ದಿನಾಂಕ ಬರೆದಿಡಿ.

ಬಿಸಿನೀರಿನ ಉಪಚಾರವನ್ನು ಬಿಡಬಾರದು. ಶೀತದಲ್ಲಿ ಕಿಣ್ವಗಳ ಚಟುವಟಿಕೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇದರಿಂದ ಬಣ್ಣ, ರುಚಿ ಮತ್ತು ಪೋಷಕಾಂಶಗಳು ಕುಂದುತ್ತವೆ.

ಮೈನಸ್ 18 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುವ ಡೀಪ್ ಫ್ರೀಜರ್‌ನಲ್ಲಿ ಕಾಳು 8ರಿಂದ 12 ತಿಂಗಳು ಉತ್ತಮ ಗುಣಮಟ್ಟದಲ್ಲಿರುತ್ತದೆ. ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್‌ನ ಮೇಲ್ಭಾಗದ ಅರೆಯು ಅನೇಕ ವೇಳೆ ಅಷ್ಟು ತಂಪಾಗುವುದಿಲ್ಲ. ಅಲ್ಲಿಟ್ಟದ್ದನ್ನು ಕೆಲವೇ ವಾರಗಳಲ್ಲಿ ಬಳಸಿ ಮುಗಿಸುವುದು ಒಳಿತು.

ಅಡುಗೆಯ ಕ್ರಮ

ಘನೀಕರಿಸಿದ ಕಾಳನ್ನು ಕರಗಿಸದೆ ನೇರವಾಗಿ ಅಡುಗೆಗೆ ಬಳಸಿರಿ. ಹೊರಗಿಟ್ಟು ಕರಗಿಸಿದರೆ ಕಾಳು ನೀರೊಡೆದು ಮೆತ್ತಗಾಗುತ್ತದೆ, ಸೂಕ್ಷ್ಮಾಣುಗಳ ಬೆಳವಣಿಗೆಗೂ ಅವಕಾಶವಾಗುತ್ತದೆ. ಕಾಳು ಈಗಾಗಲೇ ಅರೆ ಬೆಂದಿರುವುದರಿಂದ ತಾಜಾ ಕಾಳಿಗಿಂತ ಕಡಿಮೆ ಸಮಯ ಸಾಕು.

• ಪಲ್ಯ: ಅಗಲವಾದ ಬಾಣಲೆಯಲ್ಲಿ ಒಗ್ಗರಣೆ ಚೆನ್ನಾಗಿ ಕಾದ ಮೇಲೆ ಕಾಳು ಹಾಕಿ, ದೊಡ್ಡ ಉರಿಯಲ್ಲಿ ಕೈಯಾಡಿಸಿ. ಮಂಜಿನ ನೀರು ಆರಿದ ನಂತರ ಉಪ್ಪು, ತೆಂಗಿನ ತುರಿ ಸೇರಿಸಿ.

• ಸಾಂಬಾರು, ಸಾಗು: ಬೇಳೆ ಹಾಗೂ ಗಡ್ಡೆ ತರಕಾರಿಗಳು ಬೆಂದ ಮೇಲೆ, ಮಸಾಲೆ ಕುದಿಯುವಾಗ ಬಟಾಣಿ ಹಾಕಿ, ಸುಮಾರು 5 ನಿಮಿಷ ಕುದಿಸಿ.

• ಅವರೆಕಾಳಿನ ಉಪ್ಪಿಟ್ಟು, ಅಕ್ಕಿ ರೊಟ್ಟಿ: ಸ್ವಲ್ಪ ನೀರಿನಲ್ಲಿ ಕಾಳನ್ನು ಮೊದಲೇ ಬೇಯಿಸಿಕೊಳ್ಳಿ. ಬೆರಳಲ್ಲಿ ಒತ್ತಿದರೆ ಹಿಸುಕುವಂತಿರಬೇಕು. ಬಸಿದ ನೀರನ್ನು ಚೆಲ್ಲದೆ ಉಪ್ಪಿಟ್ಟಿಗೋ ಸಾರಿಗೋ ಬಳಸಿ.

ಬಟಾಣಿಯನ್ನು ಪ್ರೆಷರ್ ಕುಕ್ಕರ್‌ನಲ್ಲಿ ಕೂಗಿಸುವ ಅಗತ್ಯವಿಲ್ಲ. ಬಣ್ಣ ಕೆಟ್ಟು ಕಾಳು ಕರಗಿಹೋಗುತ್ತದೆ.

ಗಮನಿಸಬೇಕಾದ ಅಂಶಗಳು

ಘನೀಕರಣವು ಸೂಕ್ಷ್ಮಾಣುಗಳನ್ನು ತಡೆದಿಡುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಆದ್ದರಿಂದ ಘನೀಕರಿಸಿದ ಕಾಳನ್ನು ಕೋಸಂಬರಿಗೆ ಹಸಿಯಾಗಿ ಬೆರೆಸಬೇಡಿ. ಗರ್ಭಿಣಿಯರು, ವೃದ್ಧರು ಮತ್ತು ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಈ ಎಚ್ಚರಿಕೆ ಅತ್ಯಗತ್ಯ.

ವಿದ್ಯುತ್ ಕಡಿತವಾದಾಗ ಬಾಗಿಲು ತೆರೆಯಬೇಡಿ. ತುಂಬಿದ ಡೀಪ್ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಂಪನ್ನು ಹಿಡಿದಿಡುತ್ತದೆ. ಕಾಳಿನಲ್ಲಿ ಇನ್ನೂ ಮಂಜಿನ ಹರಳುಗಳಿದ್ದರೆ ಮತ್ತೆ ಘನೀಕರಿಸಬಹುದು ಅಥವಾ ಅಂದೇ ಬೇಯಿಸಬಹುದು. ಪೂರ್ತಿ ಕರಗಿ, ಬೆಚ್ಚಗಾಗಿ ಎರಡು ಗಂಟೆಗೂ ಹೆಚ್ಚು ಕಾಲ ಉಳಿದದ್ದನ್ನು ವಾಸನೆ ಚೆನ್ನಾಗಿದ್ದರೂ ಬಳಸಬಾರದು.

ಮೊದಲ ಬಾರಿಗೆ ಪ್ರಯತ್ನಿಸುವವರು ಒಂದೆರಡು ಕಿಲೋ ಕಾಳಿನಿಂದ ಆರಂಭಿಸಿ. ಒಂದು ತಿಂಗಳ ನಂತರ ಒಂದು ಚೀಲ ತೆಗೆದು ಬೇಯಿಸಿ, ಬಣ್ಣ ಮತ್ತು ರುಚಿ ಸರಿಯಿದೆಯೆಂದು ಕಂಡುಕೊಂಡ ಮೇಲೆ ಮುಂದಿನ ಸುಗ್ಗಿಯಲ್ಲಿ ಪ್ರಮಾಣವನ್ನು ಹೆಚ್ಚಿಸಿಕೊಳ್ಳಿ.