ಕೇಳು

ಬೆಂಗಳೂರಿನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ‘ಕೇಳು’ ಕ್ರಿಯಾಪದದ ಹಲವು ಅರ್ಥಗಳು ಕಿವಿಗೆ ಬೀಳುತ್ತವೆ. ‘ನೂರಕ್ಕೆ ಎಷ್ಟು ಅಂತ ಕೇಳಿ’ ಎಂದರೆ ಪ್ರಶ್ನೆ. ‘ಮನೇಲಿ ಒಂದು ಮಾತು ಕೇಳಿ ಬರ್ತೀವಿ’ ಎಂದರೆ ಒಪ್ಪಿಗೆ ಪಡೆಯುವುದು. ‘ನಮ್ಮ ಹುಡುಗ ಎಲ್ಲಿ ಮಾತು ಕೇಳ್ತಾನೆ?’ ಎಂದರೆ ಹುಡುಗನ ಕಿವಿ ಚೆನ್ನಾಗಿಯೇ ಇದೆ, ಹೇಳಿದಂತೆ ನಡೆಯುವುದಿಲ್ಲ.

ಇದು ಅಚ್ಚ ದ್ರಾವಿಡ ಧಾತು. ತಮಿಳಿನ ‘ಕೇಳ್’ಗೂ ಆಲಿಸುವ, ಪ್ರಶ್ನಿಸುವ, ವಿಧೇಯವಾಗುವ ಅರ್ಥಗಳಿವೆ. ತೆಲುಗು ಪ್ರಶ್ನೆಗೆ ‘ಅಡುಗು’ ಎಂಬ ಬೇರೆ ಮಾತು ಇಟ್ಟುಕೊಂಡಿದೆ. ವಿಧೇಯತೆಗೆ ಮಾತ್ರ ಅಲ್ಲಿಯೂ ಕಿವಿಯ ಕ್ರಿಯೆ ‘ವಿನು’ವೇ. ಸಂಸ್ಕೃತದ ‘ಶುಶ್ರೂಷೆ’ಯ ಮೂಲಾರ್ಥ ಕೇಳುವ ಇಚ್ಛೆ, ಗುರುವಿನ ಮಾತಿಗೆ ಕಿವಿಗೊಡುವುದು ಸೇವೆಯಾಗಿ, ಕನ್ನಡದ ಬಳಕೆಯಲ್ಲಿ ರೋಗಿಯ ಆರೈಕೆಯಾಯಿತು. ಇಂಗ್ಲಿಷಿನ ‘ಒಬೇ’ ಹುಟ್ಟಿದ್ದೂ ಕೇಳುವುದನ್ನು ಹೇಳುವ ಲ್ಯಾಟಿನ್ ಪದದಿಂದ.

ಕಿವಿಗೆ ಬೀಳುವುದು, ಪಾಲಿಸುವುದು ಎರಡನ್ನೂ ಬೇರ್ಪಡಿಸಲು ಕನ್ನಡಕ್ಕೆ ಸೊಗಸಾದ ದಾರಿಯಿದೆ: ‘ಕೇಳಿಸಿಕೊಂಡ, ಆದರೆ ಕೇಳಲಿಲ್ಲ.’ ‘ಇಸು’, ‘ಕೊಳ್ಳು’ ಸೇರಿದೊಡನೆ ಪಾಲಿಸುವ ಹೊಣೆ ಕಳಚಿ, ಕಿವಿಗೆ ಹಾಕಿಕೊಳ್ಳುವ ಕೆಲಸವಷ್ಟೇ ಉಳಿಯುತ್ತದೆ. ‘ಆಲಿಸು’ ಎಂದರೆ ಮನಸ್ಸಿಟ್ಟು ಕೇಳುವುದು. ಅದರಲ್ಲೂ ಪಾಲನೆಯ ಮಾತಿಲ್ಲ. ಅಧಿಕಾರಿಗಳು ಜನರ ಅಹವಾಲು ‘ಆಲಿಸಿದರು’ ಎಂಬ ಸುದ್ದಿಯಲ್ಲಿ ಅಹವಾಲು ಈಡೇರುವ ಭರವಸೆ ಇರುವುದಿಲ್ಲ.

ಮಕ್ಕಳ ಬಗ್ಗೆ ‘ಮಾತು ಕೇಳಲ್ಲ’ ಎಂದು ದೂರುವ ಹಿರಿಯರು, ಶಿಕ್ಷಕರು ಈ ವ್ಯತ್ಯಾಸ ಗಮನಿಸಬೇಕು. ಮಗು ಗಮನವಿಟ್ಟು ಆಲಿಸುವುದಿಲ್ಲವೋ, ಆಲಿಸಿಯೂ ಒಪ್ಪುವುದಿಲ್ಲವೋ, ದಯವಿಟ್ಟು ಬಿಡಿಸಿ ಹೇಳಿ.