ತಾಮ್ರಪಟದಲ್ಲಿ ಇಲ್ಲದ ಹಲಸಿ

ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲಿ ಎಷ್ಟು ಹುಡುಕಿದರೂ ಹಲಸಿ ಎಂಬ ಹೆಸರು ಸಿಗುವುದಿಲ್ಲ. ಅಲ್ಲಿರುವುದು ಪಲಾಶಿಕಾ. ಕಾಕುಸ್ಥವರ್ಮ ತನ್ನ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಬರೆದುಕೊಟ್ಟದ್ದು, ಮೃಗೇಶವರ್ಮ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದ್ದು, ರವಿವರ್ಮ ಶತ್ರುಗಳನ್ನು ಸೋಲಿಸಿ ನೆಲೆ ನಿಂತದ್ದು ಎಲ್ಲವೂ ಪಲಾಶಿಕೆಯ ಹೆಸರಿನಲ್ಲೇ ದಾಖಲಾಗಿವೆ. ಈ ಪಟಗಳನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಜೆ.ಎಫ್. ಫ್ಲೀಟ್. ಆರೇಳು ಶತಮಾನ ದಾಟಿ ಗೋವೆಯ ಕದಂಬರ ಶಾಸನಗಳಿಗೆ ಬಂದರೆ ಅದೇ ನಾಡು 'ಪಲಸಿಗೆ ಹನ್ನೆರಡು ಸಾಸಿರ'. ಇನ್ನು ಕೆಲವು ಶಾಸನಗಳಲ್ಲಿ 'ಹಲಸಿಗೆ'. ಭೂವರಾಹ ನರಸಿಂಹ ದೇವಾಲಯ ನೋಡಲು ಇಂದು ಹೊರಟವರು ಕೇಳಿಕೊಂಡು ಹೋಗುವುದು ಹಲಸಿಯನ್ನು.

ಪಕಾರವನ್ನು ತೆಗೆದು ಹಕಾರ ಹಾಕಿ ಎಂದು ಯಾವ ಅರಸನೂ ಆಜ್ಞೆ ಹೊರಡಿಸಲಿಲ್ಲ. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡಿಗರ ಬಾಯಲ್ಲಿ ಪದದ ಮೊದಲಿನ ಪಕಾರ ಸಡಿಲವಾಗುತ್ತ ಬಂತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪಳ್ಳಿಗಳೆಲ್ಲ ಹಳ್ಳಿಗಳಾದವು. ಸವದತ್ತಿ ತಾಲ್ಲೂಕಿನ ಹೂಲಿ, ಶಾಸನಗಳಲ್ಲಿ ಪೂಲಿ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವ ಹೊತ್ತಿಗೆ ಈ ಬದಲಾವಣೆ ವ್ಯಾಕರಣಕಾರ ಕಡೆಗಣಿಸಲಾಗದಷ್ಟು ಗಟ್ಟಿಯಾಗಿತ್ತು.

ಆದರೆ ಈ ನಿಯಮ ಕುರುಡಾಗಿ ಓಡಲಿಲ್ಲ. ಪತ್ತು ಹತ್ತಾಯಿತು, ಇಪ್ಪತ್ತು ಮಾತ್ರ ಇಹ್ಹತ್ತಾಗಲಿಲ್ಲ. ಅಪ್ಪ ಅಪ್ಪನಾಗಿಯೇ ಉಳಿದ, ತಪ್ಪು ತಪ್ಪಾಗಿಯೇ ಉಳಿಯಿತು, ಕಂಪು ಕೂಡ ಹಾಗೇ. ಪದದ ನಡುವಿನ ಒತ್ತಕ್ಷರವನ್ನೂ ಅನುನಾಸಿಕದ ಬೆನ್ನಿಗೆ ಬಂದ ಪಕಾರವನ್ನೂ ನಾಲಿಗೆ ಮುಟ್ಟಲಿಲ್ಲ. ಪುಸ್ತಕ, ಪತ್ರ, ಪಂಡಿತರಂಥ ಸಂಸ್ಕೃತದ ಮಾತುಗಳೂ ಬಚಾವಾದವು. ಹಾಗಾದರೆ ಸಂಸ್ಕೃತದ ವೇಷದಲ್ಲಿದ್ದ ಪಲಾಶಿಕಾ ಏಕೆ ಬದಲಾಯಿತು? ಪಂಡಿತರು ಅದನ್ನು ತಾಮ್ರದ ಮೇಲೆ ಹೇಗೇ ಕೊರೆಸಲಿ, ಜನ ಅದನ್ನು ತಮ್ಮ ಊರಿನ ಹೆಸರಾಗಿ ದಿನವೂ ಆಡುತ್ತಿದ್ದರು. ದಿನಬಳಕೆಯ ಮಾತಿಗೆ ಬಿದ್ದ ನಿಯಮ ಅದಕ್ಕೂ ಬಿತ್ತು. ಮರಾಠಿ ಮಾತಾಡುವವರು ನೀರಿಗೆ ಇಂದಿಗೂ 'ಪಾಣಿ' ಎನ್ನುತ್ತಾರೆ, ಅವರ ಭಾಷೆಯಲ್ಲಿ ಪಕಾರಕ್ಕೆ ಈ ಗತಿ ಬಂದಿಲ್ಲ. ಆದರೂ ಅವರಿಗೆ ಆ ಊರು 'ಹಲಶಿ'. ಕನ್ನಡದ ಬಾಯಿ ತಿದ್ದಿ ಮುಗಿಸಿದ ಮೇಲಿನ ರೂಪವನ್ನೇ ಅವರೂ ಎತ್ತಿಕೊಂಡಿದ್ದಾರೆ.

ಹಲಸಿಯಿಂದ ಖಾನಾಪುರಕ್ಕೆ ಬಂದು ಬೆಳಗಾವಿಯ ಕಡೆ ಹೊರಟರೆ, ನಗರ ಮುಟ್ಟುವ ಮೊದಲು ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನ ಸಂಗಮ ಆವರಣ. 1998ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಪಠ್ಯಕ್ರಮ ನಾಡಿನ ಹಲವಾರು ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತದೆ. 2018ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸಿನ ಐದನೆಯ ಸೆಮಿಸ್ಟರಿಗೆ ಪೈಥಾನ್ ಒಂದು ಪೂರ್ಣ ವಿಷಯವಾಗಿತ್ತು. ಒಂದು ಅಕ್ಷರಸಾಲನ್ನು ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಅಲ್ಲಿನ ಮೊದಮೊದಲ ಪಾಠಗಳಲ್ಲೊಂದು. ಈ ವಿದ್ಯೆ ಪೈಥಾನಿಗಿಂತ ಹಳೆಯದು. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಬರೆದ 'ಎಡ್' ಎಂಬ ಎಡಿಟರಿನಲ್ಲೇ 'ಎಸ್' ಎಂಬ ಒಂದಕ್ಷರದ ಆಜ್ಞೆ ಇತ್ತು. 1970ರ ದಶಕದ ಮೊದಲ ಭಾಗದಲ್ಲಿ ಅದೇ ಪ್ರಯೋಗಾಲಯದ ಲೀ ಮೆಕ್‌ಮಹೊನ್ ಅದನ್ನು 'ಸೆಡ್' ಎಂಬ ಎಡಿಟರಿಗೆ ತಂದರು. 1987ರಲ್ಲಿ ಲ್ಯಾರಿ ವಾಲ್ ಪರ್ಲ್ ಭಾಷೆಗೆ ತಂದರು, 1991ರಲ್ಲಿ ಹೊರಬಂದ ಪೈಥಾನಿಗೂ ಅದು ಬಂತು.

ಸೆಡ್‌ನಲ್ಲಿ ಸುಮ್ಮನೆ ಬದಲಿಸು ಎಂದರೆ ಪ್ರತಿ ಸಾಲಿನ ಮೊದಲ ಕಡೆ ಮಾತ್ರ ಬದಲಾಗುತ್ತದೆ. ಎಲ್ಲ ಕಡೆ ಬೇಕಾದರೆ ಕೊನೆಗೆ 'ಜಿ' ಸೇರಿಸಬೇಕು. ಪದದ ಆರಂಭದಲ್ಲಿ ಮಾತ್ರ ಬೇಕಾದರೆ ಆ ಗಡಿಯನ್ನೂ ಗುರುತು ಹಾಕಿ ಹೇಳಬೇಕು. ಹತ್ತನ್ನು ಬದಲಿಸಿ ಇಪ್ಪತ್ತನ್ನು ಬಿಟ್ಟ ಹಳೆಗನ್ನಡಿಗರ ನಾಲಿಗೆಗೆ ಈ ಗಡಿಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೈಥಾನಿನಲ್ಲಿ ಇನ್ನೊಂದು ಗುಣವಿದೆ: ಅಲ್ಲಿ ಅಕ್ಷರಸಾಲನ್ನು ತಿದ್ದಲು ಬರುವುದೇ ಇಲ್ಲ. ಬದಲಿಸು ಎಂದರೆ ಹೊಸ ಸಾಲೊಂದು ಹುಟ್ಟುತ್ತದೆ, ಹಳೆಯದು ಇದ್ದ ಹಾಗೇ ಇರುತ್ತದೆ. ಪಲಾಶಿಕೆಯ ತಾಮ್ರಪಟದ್ದೂ ಇದೇ ಕತೆ.

ಬೆಳಗಾವಿಯ ಹೆಸರು ಇನ್ನೂ ಹೆಚ್ಚು ಕೈಗಳನ್ನು ದಾಟಿ ಬಂದದ್ದು. ರಟ್ಟರ ಕಾಲದ ಶಾಸನಗಳಲ್ಲಿ ಅದು ವೇಣುಗ್ರಾಮ, ವೇಳುಗ್ರಾಮ. ಸವದತ್ತಿಯಿಂದ ಆಳುತ್ತಿದ್ದ ರಟ್ಟರು ಹದಿಮೂರನೆಯ ಶತಮಾನದ ಆರಂಭದ ಹೊತ್ತಿಗೆ ಇಲ್ಲಿಗೆ ರಾಜಧಾನಿ ತಂದರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ಕೋಟೆಯೊಳಗಿದೆ. ಊರವರು ಕಮಲ ಬಸದಿ ಎನ್ನುತ್ತಾರೆ. ಇಲ್ಲಿ ಕೆಲಸ ಮಾಡಿದ್ದು ಬೇರೆ ನಿಯಮ. ಪದದ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ: ವೃಷಭ ಬಸವನಾದಂತೆ, ವನ ಬನವಾದಂತೆ. ಗ್ರಾಮ ಸವೆದು ಗಾವೆ, ಗಾವಿ ಆಯಿತು. ವೇಳುಗ್ರಾಮ ಬೆಳಗಾವಿಯಾದದ್ದು ಹೀಗೆ ಎರಡು ಕಡೆಯಿಂದ ಸವೆದು.

ಅಧಿಕಾರದಲ್ಲಿದ್ದವರು ಕೊಟ್ಟ ಹೆಸರುಗಳಿಗೆ ಈ ಆಯುಷ್ಯ ಇರಲಿಲ್ಲ. ಮೊಘಲರ ಆಳ್ವಿಕೆಯಲ್ಲಿ ಊರು ಆಜಂನಗರವೆನಿಸಿತ್ತು. ಈಗ ಆ ಹೆಸರು ಒಂದು ಬಡಾವಣೆಗಷ್ಟೇ ಉಳಿದಿದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕಾಗಿ ಟಿಳಕವಾಡಿಯಲ್ಲಿ ಎದ್ದ ಡೇರೆಗಳ ನಗರಿಗೆ ವಿಜಯನಗರವೆಂದು ಹೆಸರಿಟ್ಟರು, ನೀರಿಗೆಂದು ತೋಡಿದ ಬಾವಿಗೆ ಪಂಪಾ ಸರೋವರ ಎಂದರು. ಡೇರೆ ಎತ್ತಿದ ಮೇಲೆ ವಿಜಯನಗರ ಹೋಯಿತು. ಬಾವಿ ಉಳಿಯಿತು, ಜನ ಅದನ್ನು ಕಾಂಗ್ರೆಸ್ ಬಾವಿ ಎಂದು ಕರೆದುಕೊಂಡರು.

ಬ್ರಿಟಿಷರು ಬರೆದ ಹೆಸರು ಮಾತ್ರ ಅಷ್ಟು ಬೇಗ ಹೋಗಲಿಲ್ಲ. 1818ರಲ್ಲಿ ಅವರ ಸೇನಾಧಿಕಾರಿ ಮನ್ರೊ ಕೋಟೆ ಹಿಡಿದ. 1836ರಲ್ಲಿ ಬೆಳಗಾವಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. 1884ರಲ್ಲಿ ಮುಂಬಯಿ ಪ್ರೆಸಿಡೆನ್ಸಿ ಗೆಜೆಟಿಯರಿನ 21ನೆಯ ಸಂಪುಟ 'ಬೆಲ್ಗಾಮ್' ಎಂಬ ಶೀರ್ಷಿಕೆಯಲ್ಲಿ ಅಚ್ಚಾಯಿತು. ಆ ಕಾಗುಣಿತ ನಕಾಶೆಗೆ, ರೈಲಿಗೆ, ಕೋರ್ಟಿಗೆ, ಅಂಚೆಗೆ ಅಂಟಿಕೊಂಡಿತು.

ಅದನ್ನು ಕಳಚುವ ಮಾತು ಗಟ್ಟಿಯಾಗಿ ಎದ್ದದ್ದು ರಾಜ್ಯಕ್ಕೆ ಐವತ್ತು ತುಂಬಿದಾಗ. ಯು.ಆರ್. ಅನಂತಮೂರ್ತಿಯವರು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ತರಬೇಕೆಂದು ಸಲಹೆ ಕೊಟ್ಟರು, 2006ರಲ್ಲಿ ಸರ್ಕಾರ ಒಪ್ಪಿತು. ದಿಲ್ಲಿಯ ಒಪ್ಪಿಗೆ ಬರಲು ಎಂಟು ವರ್ಷ ಹಿಡಿಯಿತು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಒಟ್ಟಿಗೆ ಬದಲಾದಾಗ ಅನಂತಮೂರ್ತಿ ತೀರಿಕೊಂಡು ಎರಡು ತಿಂಗಳ ಮೇಲಾಗಿತ್ತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿಗಳ ಮಟ್ಟಿಗೆ ಕನ್ನಡ ಓದುಗನಿಗೆ ಅಂದು ಏನೂ ಬದಲಾಗಲಿಲ್ಲ. ಬದಲಾದದ್ದು ರೋಮನ್ ಅಕ್ಷರಗಳು.

ಬಿಜಾಪುರದ ಮಾತು ಬೇರೆ. ಹಳೆಯ ವಿಜಯಪುರ ಬಿಜಾಪುರವಾದದ್ದು ಬೆಳಗಾವಿಯನ್ನು ರೂಪಿಸಿದ ಅದೇ ವಕಾರ-ಬಕಾರದ ದಾರಿಯಲ್ಲಿ. ಸರ್ಕಾರ ಅಲ್ಲಿ ಚಕ್ರವನ್ನು ಹಿಂದಕ್ಕೆ ತಿರುಗಿಸಿತು. ಇಲ್ಲಿ ವೇಣುಗ್ರಾಮವನ್ನು ಮರಳಿ ತರುವ ಗೋಜಿಗೆ ಹೋಗಲಿಲ್ಲ. ಒಂದೇ ಪಟ್ಟಿಯಲ್ಲಿ ಒಂದು ಊರಿಗೆ ಜನರ ನಾಲಿಗೆ ಪ್ರಮಾಣ, ಇನ್ನೊಂದಕ್ಕೆ ಶಾಸನ ಪ್ರಮಾಣ. ಬೆಳಗಾವಿಗೆ ಸಿಕ್ಕ ನ್ಯಾಯವೇ ಮೇಲು ಎನ್ನಬೇಕು.

ಕಂಪ್ಯೂಟರಿನಲ್ಲಿ ಈ ಪಟ್ಟಿಯನ್ನು ಹಾಗೇ ಓಡಿಸಿದರೆ ಏನಾದೀತು? ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆಯಿದೆ, 2007ರಲ್ಲಿ ಆದದ್ದು. ಕುರುಡು ಸ್ಕ್ರಿಪ್ಟು ಅದನ್ನೂ ವಿಜಯಪುರ ಮಾಡಿಬಿಡುತ್ತದೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲೇ ಒಂದು ವಿಜಯಪುರ ಇದೆ. ಎರಡು ಬೆರೆತ ಮೇಲೆ ಬೇರ್ಪಡಿಸುವುದು ಕಷ್ಟ. ಬೆಲ್ಗಾಮ್‌ಕರ್ ಎಂಬ ಅಡ್ಡಹೆಸರಿನವರು ರಾತ್ರೋರಾತ್ರಿ ಬೆಳಗಾವಿಕರ್ ಆಗುತ್ತಾರೆ. 1884ರ ಗೆಜೆಟಿಯರಿನ ಶೀರ್ಷಿಕೆ ಬದಲಾದರೆ ಗ್ರಂಥಾಲಯದಲ್ಲಿ ಹುಡುಕಿದವರಿಗೆ ಪುಸ್ತಕವೇ ಸಿಗುವುದಿಲ್ಲ. ಇದು ಬರೀ ಊಹೆಯಲ್ಲ. ಈ ಶತಮಾನದ ಆರಂಭದಲ್ಲಿ ಯಾಹೂ ಕಂಪನಿ ತನ್ನ ಇಮೇಲುಗಳಲ್ಲಿ ಕಿಡಿಗೇಡಿ ಸ್ಕ್ರಿಪ್ಟುಗಳನ್ನು ತಡೆಯಲು 'ಇವ್ಯಾಲ್' ಎಂಬ ನಾಲ್ಕಕ್ಷರದ ಆಜ್ಞೆಯನ್ನು ಕಂಡಲ್ಲೆಲ್ಲ 'ರಿವ್ಯೂ' ಎಂದು ಬದಲಿಸುತ್ತಿತ್ತು. ಮಧ್ಯಯುಗಕ್ಕೆ ಸಂಬಂಧಿಸಿದ್ದು ಎಂಬರ್ಥದ ಇಂಗ್ಲಿಷ್ ಪದದ ಹೊಟ್ಟೆಯಲ್ಲೂ ಆ ನಾಲ್ಕಕ್ಷರ ಇವೆ. ಪರಿಣಾಮವಾಗಿ 'ಮೆಡಿರಿವ್ಯೂ' ಎಂಬ ಎಲ್ಲೂ ಇಲ್ಲದ ಪದ ಹುಟ್ಟಿ ಊರೆಲ್ಲ ಸುತ್ತಾಡಿತು.

ಕನ್ನಡದ ವಾಕ್ಯದೊಳಗೆ ಇಳಿದರೆ ತೊಡಕು ಇನ್ನೊಂದು ಬಗೆಯದು, ಏಕೆಂದರೆ ಇಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಂಡೇ ಬರುತ್ತದೆ. 'ಬೆಳಗಾಂನಲ್ಲಿ' ಎಂಬಲ್ಲಿ ಹೆಸರನ್ನಷ್ಟೇ ಬದಲಿಸಿದರೆ 'ಬೆಳಗಾವಿನಲ್ಲಿ', 'ಗುಲ್ಬರ್ಗಾದಲ್ಲಿ' ಹೋಗಿ 'ಕಲಬುರಗಿದಲ್ಲಿ'. ಬೆಳಗಾವಿಯ ಪೇಟೆಯಲ್ಲಿ ನಿಂತು ಕೇಳಿದರೆ ಜನ ಆರಾಮಾಗಿ 'ಬೆಳಗಾವ್ಯಾಗ' ಎನ್ನುತ್ತಾರೆ. ಅದನ್ನು ಹುಟ್ಟಿಸುವ ಸ್ಕ್ರಿಪ್ಟು ಬರೆಯಬೇಕಾದರೆ ಸ್ವಲ್ಪ ವ್ಯಾಕರಣವೂ ಬೇಕು.

ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳನ್ನು ಯೂನಿಕೋಡಿಗೆ ತರುವವರಿಗೂ ಇದೇ ಗೋಳು. ಆ ಫಾಂಟುಗಳು ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಣುಕುಗಳನ್ನು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಅಡಗಿಸಿಟ್ಟಿದ್ದವು. ಹಾಗಾಗಿ ಪರಿವರ್ತನೆ ಎಂದರೆ ಉದ್ದನೆಯ ಬದಲಿಪಟ್ಟಿ. ಪಟ್ಟಿಗೆ ಬಗ್ಗದ್ದು ಅರ್ಕಾವೊತ್ತು: ಕಣ್ಣಿಗೆ ಅದು ವ್ಯಂಜನದ ನಂತರ, ಯೂನಿಕೋಡಿನಲ್ಲಿ ಮೊದಲು. ಜಾಗ ಅದಲುಬದಲು ಮಾಡದೆ ಬರಿದೇ ಬದಲಿಸಿದರೆ ರಟ್ಟರ ಕಾರ್ತವೀರ್ಯ 'ಕಾತರ್ವೀಯರ್' ಆಗಿ ಎದ್ದು ಬರುತ್ತಾನೆ.

ಇಷ್ಟೆಲ್ಲದರ ನಡುವೆ ಖಾನಾಪುರ ತಣ್ಣಗಿದೆ. ಅದರ ಪಕಾರ ಪದದ ನಡುವಿನದು, ಸಂಸ್ಕೃತದ್ದು. ಹಳಗನ್ನಡದ ನಿಯಮ ಅದನ್ನು ಮುಟ್ಟಲಿಲ್ಲ, 2014ರ ಪಟ್ಟಿಯೂ ಮುಟ್ಟಲಿಲ್ಲ. ಅದರ ಕಷ್ಟವೇನಿದ್ದರೂ ಒಂದೇ ಹೆಸರಿನ ಊರುಗಳು: ಸಾಂಗ್ಲಿ ಜಿಲ್ಲೆಯಲ್ಲೊಂದು ಖಾನಾಪುರ ತಾಲ್ಲೂಕಿದೆ, ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲೊಂದು ಖಾನಾಪುರವಿದೆ.

ಬೆಳಗಾವಿಯಲ್ಲಿ ಮಾತ್ರ ಹಳೆಯ ಕಾಗುಣಿತ ಅಲ್ಲಲ್ಲಿ ಜೀವ ಹಿಡಿದುಕೊಂಡಿದೆ. ನಿಲ್ದಾಣದ ಫಲಕ ಬೆಳಗಾವಿ ಎಂದರೂ ರೈಲ್ವೆ ಟಿಕೆಟಿನ ಸಂಕೇತ ಬಿಜಿಎಂ. ಲೋಕಸಭಾ ಕ್ಷೇತ್ರದ ಹೆಸರು 2008ರ ಕ್ಷೇತ್ರ ಪುನರ್ವಿಂಗಡಣೆ ಆದೇಶಕ್ಕೆ ಕಟ್ಟುಬಿದ್ದದ್ದು. ಹಾಗಾಗಿ ಹೆಸರು ಬದಲಾಗಿ ಹತ್ತು ವರ್ಷವಾಗುತ್ತ ಬಂದಿದ್ದ 2024ರ ಚುನಾವಣೆಯಲ್ಲೂ ಆಯೋಗದ ಇಂಗ್ಲಿಷ್ ಫಲಿತಾಂಶಪಟ್ಟಿ ಈ ಕ್ಷೇತ್ರವನ್ನು ಬೆಲ್ಗಾಮ್ ಎಂದೇ ತೋರಿಸಿತು.